ಹಾಲಸ್ವಾಮಿ ಮೇಷ್ಟರ ಪೇರೆಂಟ್ ಕಳೆದದ್ದು

ಹಾಲಸ್ವಾಮಿ ಮೇಷ್ಟರಿಗೆ ಗೊತ್ತಿಲ್ಲದ ವಿಷಯವಿಲ್ಲ ಎಂಬ ಮಾತು ದಾವಣಗೆರೆಯ ವಿದ್ಯಾನಗರದಲ್ಲಿ ಚಾಲ್ತಿಯಲ್ಲಿತ್ತು. ಅದನ್ನು ಚಾಲ್ತಿಗೆ ತಂದವರು ಹಾಲಸ್ವಾಮಿ ಮೇಷ್ಟರೇ. ಖಾಸಗಿ ಕಾಲೇಜೊಂದರ ಕಂಪ್ಯೂಟರ್ ಲ್ಯಾಬಿನಲ್ಲಿ ಹದಿನೆಂಟು ವರ್ಷ ಸವೆಸಿದ್ದ ಅವರು, ಯಾರಾದರೂ ಹೊಸ ವಿಷಯ ಎತ್ತಿದರೆ ಪ್ರಶ್ನೆ ಪೂರ್ತಿಯಾಗುವ ಮುಂಚೆಯೇ "ಅದಾ? ಅದು ಬಾಳ ಹಳೇದು ಬಿಡ್ರಿ" ಎಂದುಬಿಡುತ್ತಿದ್ದರು. ಹಳೆಯದು ಎಂದಮೇಲೆ ಕೇಳಿದವರಿಗೇ ನಾಚಿಕೆಯಾಗಿ ಸುಮ್ಮನಾಗುತ್ತಿದ್ದರು. ಹೀಗೆ ಏನನ್ನೂ ಕಲಿಯದೆ ಹದಿನೆಂಟು ವರ್ಷ ಪಂಡಿತರಾಗಿ ಉಳಿಯುವುದು ಸಾಮಾನ್ಯರಿಗೆ ಸಾಧ್ಯವಿಲ್ಲ.

ಆ ಸೋಮವಾರ ಪ್ರಾಂಶುಪಾಲೆ ಲಕ್ಷ್ಮೀದೇವಿ ಮೇಡಂ ಅವರನ್ನು ಕರೆಸಿದರು.

"ಮೇಷ್ಟ್ರೇ, ಹೊಸ ಸಿಲೆಬಸ್ಸಿನಾಗೆ ಬಿಲ್ಡ್ ಟೂಲ್ ಅಂತ ಒಂದು ಬಂದೈತೆ. ಶುಕ್ರವಾರ ತಪಾಸಣೆ ಸಮಿತಿ ಬರ್ತೈತೆ. ಅದನ್ನ ನಮ್ಮ ಲ್ಯಾಬಿನಾಗೆ ನಡೆಸಿ ತೋರಿಸ್ಬೇಕಂತೆ. ತೋರಿಸ್ದಿದ್ರೆ ಕೋರ್ಸು ಹೋಗ್ತೈತೆ. ಕೋರ್ಸು ಹೋದ್ರೆ ಲ್ಯಾಬು ಹೋಗ್ತೈತೆ. ಲ್ಯಾಬು ಹೋದ್ರೆ…" ಎಂದು ಮೇಡಂ ಮುಂದಿನದನ್ನು ಹೇಳದೆ ಮೇಷ್ಟರ ಮುಖವನ್ನೇ ನೋಡಿದರು.

"ಬಿಲ್ಡ್ ಟೂಲಾ? ಅದು ಬಾಳ ಹಳೇದು ಮೇಡಂ."

"ನಿಮಗೆ ಬರ್ತೈತಾ ಹಂಗಾದ್ರೆ?"

"ಎಡಗೈಯಾಗೆ ಮಾಡ್ತೀನಿ."

ಅಲ್ಲಿಂದ ಹೊರಬಂದವರೇ ಸ್ಕೂಟರು ಹತ್ತುವ ಮೊದಲು ಬಿಲ್ಡ್ ಟೂಲ್ ಅಂದರೇನು ಎಂದು ಮೊಬೈಲಿನಲ್ಲಿ ಹುಡುಕಿದರು. ವಿಷಯ ಇಷ್ಟೇ. ಒಂದು ಸಾಫ್ಟ್‌ವೇರಿಗೆ ಹತ್ತಾರು ಕಡತಗಳು ಬೇಕು, ಬೇರೆಯವರು ಬರೆದಿಟ್ಟ ನೂರಾರು ಸಾಮಾನುಗಳೂ ಬೇಕು. ಅವನ್ನೆಲ್ಲ ಇಂಟರ್ನೆಟ್ಟಿನಿಂದ ತರಿಸಿ, ಹೊಂದಿಸಿ, ಪರೀಕ್ಷೆ ಮಾಡಿ, ಕೊನೆಗೆ ಒಂದು ಗಂಟು ಕಟ್ಟಿ ಕೈಗಿಡುವ ಕೆಲಸವನ್ನು ಮನುಷ್ಯ ಮಾಡುವ ಬದಲು ಈ ಟೂಲ್ ಮಾಡುತ್ತದೆ. ನಾವು ಒಂದು ಸಾಲು ಟೈಪ್ ಮಾಡಿ ಕೈಕಟ್ಟಿ ಕೂತರಾಯಿತು. ಕೈಕಟ್ಟಿ ಕೂರುವ ಭಾಗ ಮೇಷ್ಟರಿಗೆ ತುಂಬ ಹಿಡಿಸಿತು.

ಅಂತರ್ಜಾಲದ ಪಾಠದಲ್ಲಿ ಒಂಬತ್ತು ಅಧ್ಯಾಯಗಳಿದ್ದವು. ಮೊದಲನೆಯ ಅಧ್ಯಾಯ ಹತ್ತು ನಿಮಿಷದ್ದು, ಹೊಸಬರಿಗೆ. ಹದಿನೆಂಟು ವರ್ಷದ ಅನುಭವವಿರುವವರು ಹೊಸಬರ ಪಾಠ ಓದಿದರೆ ಯಾರಾದರೂ ನೋಡಿಬಿಟ್ಟಾರು ಎಂದು, ಕೋಣೆಯಲ್ಲಿ ಒಬ್ಬರೇ ಇದ್ದರೂ, ಅವರು ನೇರ ಏಳನೆಯ ಅಧ್ಯಾಯಕ್ಕೆ ಹಾರಿದರು. ಅದರ ಹೆಸರು 'ಪೇರೆಂಟ್ ಮತ್ತು ಮಕ್ಕಳು'. ಎಲ್ಲ ನಿಯಮಗಳನ್ನೂ ಪೇರೆಂಟ್ ಎಂಬ ಒಂದು ಕಡತದಲ್ಲಿ ಬರೆದಿಡಬೇಕು. ಮಕ್ಕಳ ಕಡತಗಳು "ನನ್ನ ಪೇರೆಂಟ್ ಇಂಥದ್ದು" ಎಂದು ಹೇಳಿಕೊಂಡರೆ ಸಾಕು, ನಿಯಮಗಳೆಲ್ಲ ತಾವಾಗಿ ಇಳಿದುಬರುತ್ತವೆ. ಮೇಷ್ಟರು ಒಂದು ಪೇರೆಂಟ್ ಬರೆದರು, ಒಂದು ಮಗು ಬರೆದರು, ಸಾಲು ಟೈಪ್ ಮಾಡಿ ಕೈಕಟ್ಟಿ ಕೂತರು.

ಪರದೆಯ ತುಂಬ ಕೆಂಪಕ್ಷರ ಬಂತು. ಪೇರೆಂಟ್ ಸಿಗಲಿಲ್ಲವಂತೆ. ಬಿಲ್ಡ್ ಫೇಲ್.

ಮಂಗಳವಾರವೂ ಸಿಗಲಿಲ್ಲ. ಬುಧವಾರ ಟೂಲನ್ನೇ ಕಿತ್ತು ಮತ್ತೆ ಹಾಕಿದರು, ಆಗಲೂ ಸಿಗಲಿಲ್ಲ.

ಇಲ್ಲಿ ಮನೆಯ ವಿಚಾರ ಸ್ವಲ್ಪ ಹೇಳಬೇಕು. ಮೇಷ್ಟರ ಹೆಂಡತಿ ರೇಖಾ ತಾಯಿಯ ಕಣ್ಣಿನ ಆಪರೇಷನ್ನಿಗೆಂದು ಲೋಕಿಕೆರೆಗೆ ಹೋಗಿದ್ದಳು. ಮನೆಯಲ್ಲಿದ್ದದ್ದು ಮೇಷ್ಟರು ಮತ್ತು ಅವರ ತಂದೆ, ಎಪ್ಪತ್ಮೂರರ ಉಚ್ಚಂಗೆಪ್ಪ. ಹಳೆಯ ಕಾಲದ ಹತ್ತಿಮಿಲ್ಲಿನ ಕೆಲಸಗಾರ. ಸೊಸೆ ಇಲ್ಲದಾಗ ಅಡುಗೆ ಟೀ ಎಲ್ಲ ಅವರದೇ. ಬುಧವಾರ ಬೆಳಿಗ್ಗೆ ಉಚ್ಚಂಗೆಪ್ಪ ಒಂದು ಕೈಚೀಲ ಹಿಡಿದುಕೊಂಡು ಮನೆಯಿಂದ ಹೊರಟರು. ಮೇಷ್ಟರು ಲ್ಯಾಪ್‌ಟಾಪಿನಿಂದ ತಲೆ ಎತ್ತಲಿಲ್ಲ. ಬುಧವಾರ ಟೀ ಬರಲಿಲ್ಲ, ಊಟ ಬರಲಿಲ್ಲ. ಗುರುವಾರವೂ ಬರಲಿಲ್ಲ. ಅಪ್ಪ ಏನೋ ವ್ರತ ಹಿಡಿದಿರಬೇಕು, ಜೊತೆಗೆ ತನ್ನಿಂದಲೂ ಹಿಡಿಸುತ್ತಿದ್ದಾರೆ ಎಂದುಕೊಂಡು ಮೇಷ್ಟರು ಕಾಲೇಜು ಕ್ಯಾಂಟೀನಿನಲ್ಲಿ ತಿಂದು ಬಂದರು. ಸಂಶೋಧಕರ ಮನಸ್ಸು ಹೀಗೆಯೇ, ಯಾವ ಘಟನೆಗೂ ಒಂದು ಕಾರಣ ಹುಡುಕಿಕೊಳ್ಳುತ್ತದೆ.

ಶುಕ್ರವಾರ ಬೆಳಿಗ್ಗೆ ಎಂಟಕ್ಕೆ, ಸಮಿತಿ ಬರಲು ಮೂರು ಗಂಟೆ ಇರುವಾಗ, ಮೇಷ್ಟರ ಅಹಂಕಾರ ಮುರಿಯಿತು. ಕಾಂಪೌಂಡಿನ ಪಕ್ಕ ನಿಂತು ಸಹೋದ್ಯೋಗಿ ಅಂಜನಕುಮಾರನಿಗೆ ಫೋನ್ ಮಾಡಿದರು. ಸಿಗ್ನಲ್ ಅಲ್ಲೇ ಚೆನ್ನಾಗಿ ಸಿಗುತ್ತಿತ್ತು. ಪಕ್ಕದ ಮನೆಯ ಹಂಪವ್ವ ಬಟ್ಟೆ ಒಣಹಾಕುವ ಜಾಗವೂ ಅದೇ.

"ಅಂಜನಿ, ನಾಲ್ಕು ದಿನ ಆತು ಮಾರಾಯ, ಪೇರೆಂಟ್ ಸಿಗ್ತಿಲ್ಲ… ಹೂಂ, ಎಲ್ಲಾ ಕಡೆ ಹುಡುಕ್ದೆ. ಲೋಕಲ್‌ನಾಗೂ ಇಲ್ಲ, ಹೊರಗೂ ಇಲ್ಲ… ಇಲ್ಲಪ್ಪ, ಯಾರಿಗೂ ಹೇಳಿಲ್ಲ. ಹೇಳಿದ್ರೆ ನನ್ನ ಮರ್ಯಾದೆ ಏನಾಗ್ಬೇಕು? ಸಮಿತಿಯೋರು ಹೋಗೋತನಕ ಹೆಂಗೋ ಮುಚ್ಚಿಡ್ಬೇಕು… ಸಿಗದಿದ್ರೆ ಏನ್ ಮಾಡೋದು, ಪೇರೆಂಟ್ನ ತೆಗೆದುಹಾಕಿಬಿಡ್ತೀನಿ!"

ಹಂಪವ್ವನ ಕೈಯಲ್ಲಿದ್ದ ಒದ್ದೆ ಸೀರೆ ಕಾಂಪೌಂಡಿನ ಮೇಲೆಯೇ ಉಳಿಯಿತು. ಮೂವತ್ತು ವರ್ಷ ಮಕ್ಕಳ ಪೇರೆಂಟ್ಸ್ ಮೀಟಿಂಗಿಗೆ ಹೋಗಿ ಬಂದವಳಿಗೆ ಪೇರೆಂಟ್ ಅಂದರೆ ಯಾರು ಎಂದು ಯಾರೂ ಹೇಳಿಕೊಡಬೇಕಿರಲಿಲ್ಲ. ಉಚ್ಚಂಗೆಪ್ಪಜ್ಜ ಎರಡು ದಿನದಿಂದ ಕಟ್ಟೆಯ ಮೇಲೆ ಕೂತಿದ್ದನ್ನು ತಾನು ನೋಡಿಲ್ಲ ಎಂಬುದೂ ಹೊಳೆಯಿತು. ಐದೇ ನಿಮಿಷದಲ್ಲಿ ಲೋಕಿಕೆರೆಗೆ ಫೋನ್ ಹೋಯಿತು.

ರೇಖಾ ಮೊದಲು ಮಾವನ ಮೊಬೈಲಿಗೆ ಮಾಡಿದಳು. ಅದು ದೇವರ ಗೂಡಿನಲ್ಲಿ ಚಾರ್ಜ್ ಇಲ್ಲದೆ ಮಲಗಿತ್ತು. ಆಮೇಲೆ ಗಂಡನಿಗೆ ಮಾಡಿದಳು.

"ರೀ, ಪೇರೆಂಟ್ ಸಿಗ್ತಿಲ್ಲಂತೆ, ಹೌದಾ?"

ಮೇಷ್ಟರು ಬೆಚ್ಚಿದರು. "ನಿನಗೆ ಯಾರು ಹೇಳಿದ್ರು?"

"ಹಂಪವ್ವ ಹೇಳಿದ್ರು. ಎಷ್ಟು ದಿನ ಆತು?"

"ನಾಲ್ಕು ದಿನ." ಹಂಪವ್ವನಿಗೂ ಬಿಲ್ಡ್ ಟೂಲ್ ಗೊತ್ತಿರುವುದು ಮೇಷ್ಟರ ಮನಸ್ಸಿಗೆ ಬಹಳ ನೋವುಂಟುಮಾಡಿತು.

"ನಾಲ್ಕು ದಿನ! ನಂಗ್ಯಾಕ ಹೇಳ್ಲಿಲ್ಲ?"

"ನಿನಗೆ ಹೇಳಿ ಏನುಪಯೋಗ? ನಿನಗೆ ಅರ್ಥ ಆಗಲ್ಲ ಅದು."

"ಅರ್ಥ ಆಗಲ್ವಾ? ಹದಿನಾರು ವರ್ಷ ಊಟಕ್ಕಿಟ್ಟಿದೀನಿ! ಈಗೇನ್ ಮಾಡ್ತೀರಿ?"

"ಮೊದ್ಲು ಕಾಲೇಜಿಗೆ ಹೋಗ್ತೀನಿ. ಹನ್ನೊಂದರ ಒಳಗೆ ಸಿಕ್ರೆ ಸಿಕ್ತು. ಇಲ್ದಿದ್ರೆ ಪೇರೆಂಟ್ ಇಲ್ದಂಗೇ ನಡೆಸ್ತೀನಿ. ಬಾಳ ಜನ ಹಂಗೇ ನಡೆಸ್ತಾರೆ, ಅದೇನು ದೊಡ್ಡ ವಿಷಯ ಅಲ್ಲ."

ರೇಖಾ ಫೋನಿಟ್ಟಳು. ಗಂಡ ತಲೆ ಎತ್ತದ ಮನುಷ್ಯ ಎಂದು ಗೊತ್ತಿತ್ತು, ಕಲ್ಲು ಎಂದು ಗೊತ್ತಿರಲಿಲ್ಲ. ಬಸ್ಸಿಗೆ ಕಾಯುತ್ತಲೇ ಮಾವನ ಒಂದು ಫೋಟೊ ಹುಡುಕಿ, ಸಂದೇಶ ಬರೆದು ನೆಂಟರ ಗುಂಪಿಗೆ ಹಾಕಿದಳು. "ಪೇರೆಂಟ್ ಅಂತಲೇ ಬರಿಯವ್ವ, ಮೇಷ್ಟ್ರ ಬಾಯಿಂದ ಬಂದಿದ್ದು ಅದೇ ಮಾತು" ಎಂದು ಹಂಪವ್ವ ಫೋನಿನಲ್ಲೇ ತಿದ್ದಿದಳು. ಆದ್ದರಿಂದ ತಲೆಬರಹ 'ಪೇರೆಂಟ್ ಮಿಸ್ಸಿಂಗ್' ಎಂದಾಯಿತು. ಕೆಳಗೆ ಹೆಸರು, ವಯಸ್ಸು, ಮೇಷ್ಟರ ನಂಬರು, ಮತ್ತು 'ಅವರಿಗೆ ಮೊಣಕಾಲು ನೋವಿದೆ' ಎಂಬ ಒಂದು ಸಾಲು.

ನಮ್ಮ ಜನ ಯಾವುದನ್ನೂ ಇದ್ದ ಹಾಗೆ ಮುಂದಕ್ಕೆ ಕಳಿಸುವವರಲ್ಲ. ಏನಾದರೊಂದು ಸೇವೆ ಸೇರಿಸಿಯೇ ಕಳಿಸುತ್ತಾರೆ. ಮಾಯಕೊಂಡದ ಗುಂಪಿಗೆ ಹೋಗುವಾಗ ಮೊಣಕಾಲು ನೋವು ಮರೆವಿನ ಕಾಯಿಲೆಯಾಯಿತು. ವಿದ್ಯಾನಗರದ ವಾಯುವಿಹಾರಿಗಳ ಗುಂಪಿನಲ್ಲಿ 'ಒಮ್ಮೊಮ್ಮೆ ಸಿಟ್ಟಾಗುತ್ತಾರೆ' ಎಂದು ಸೇರಿತು. ಹರಿಹರ ತಲುಪುವ ಹೊತ್ತಿಗೆ ಕೊನೆಯ ಸಾಲು ಹೀಗಿತ್ತು: 'ನಾನು ಆರಾಮಿದ್ದೇನೆ ಎನ್ನುತ್ತಾರೆ, ನಂಬಬೇಡಿ.'

ಉಚ್ಚಂಗೆಪ್ಪ ಇದ್ದದ್ದು ಹರಿಹರದಲ್ಲೇ. ಮಿಲ್ಲಿನ ಕಾಲದ ಗೆಳೆಯ ಲಾಲ್ ಸಾಬ್ ಬಚ್ಚಲಲ್ಲಿ ಜಾರಿ ಕಾಲಿಗೆ ಪಟ್ಟಿ ಹಾಕಿಸಿಕೊಂಡು ಮಲಗಿದ್ದರು. ಗೆಳೆಯನಿಗೆ ಹೊತ್ತು ಹೋಗಲಿ ಎಂದು ಇವರು ಬಂದು, ಎರಡು ದಿನದಿಂದ ಚೌಕಾಬಾರ ಆಡಿ, ಇಬ್ಬರೂ ಮೋಸ ಮಾಡಿ, ಇಬ್ಬರೂ ಜಗಳವಾಡಿ ಸಂತೋಷವಾಗಿದ್ದರು. ಅವತ್ತು ಹತ್ತೂವರೆಗೆ ಲಾಲ್ ಸಾಬರ ಹೆಂಡತಿ ಖತೀಜಾಬೀ ಮೆಂತ್ಯದ ಸೊಪ್ಪು ತರಲು ಹೇಳಿದರು. ಉಚ್ಚಂಗೆಪ್ಪ ಸೊಪ್ಪು ಕೊಂಡು, ಬಸ್ ನಿಲ್ದಾಣದ ಪಕ್ಕದ ಅಂಗಡಿಯಲ್ಲಿ ಟೀ ಕುಡಿಯುತ್ತಿದ್ದರು.

ಎದುರಿಗಿದ್ದವನೊಬ್ಬ ಮೊಬೈಲು ನೋಡಿದ, ಇವರನ್ನು ನೋಡಿದ, ಮತ್ತೆ ಮೊಬೈಲು ನೋಡಿದ.

"ಅಜ್ಜಾ… ಹೆದರಬ್ಯಾಡ್ರಿ," ಎಂದ, ಕಿವುಡರಿಗೆ ಹೇಳುವ ಧ್ವನಿಯಲ್ಲಿ. "ನಿಮ್ ಹೆಸರು ನೆನಪೈತಾ?"

"ಯಾಕ, ನಿಂದು ಮರೆತೋಗೈತಾ?" ಎಂದರು ಉಚ್ಚಂಗೆಪ್ಪ.

"ಸಿಟ್ಟಾಗ್ತಾರೆ ಅಂತ ಬರ್ದಿದ್ರಲ್ಲ, ಕರೆಕ್ಟ್ ಐತೆ ನೋಡು," ಎಂದ ಇನ್ನೊಬ್ಬ. ಸುತ್ತ ಎಂಟು ಹತ್ತು ಜನ ಸೇರಿದರು.

"ಏನ್ರಪ್ಪ ನಿಮ್ದು? ನಾನು ಆರಾಮಿದೀನಿ!"

ಆ ಮಾತು ಬಂದದ್ದೇ ತಡ, ಇನ್ನು ಅನುಮಾನವೇ ಉಳಿಯಲಿಲ್ಲ. ಒಬ್ಬ ಕೈ ಹಿಡಿದ, ಒಬ್ಬ ಬೆನ್ನು ಸವರಿದ, ಒಬ್ಬಳು ಬಾಳೆಹಣ್ಣು ಸುಲಿದು ಬಾಯಿಗೇ ತುರುಕಿದಳು. ಬಾಯಲ್ಲಿ ಬಾಳೆಹಣ್ಣಿದ್ದುದರಿಂದ ಉಚ್ಚಂಗೆಪ್ಪ ಮುಂದೆ ಬೈದದ್ದು ಯಾರಿಗೂ ತಿಳಿಯಲಿಲ್ಲ. ಮೆಂತ್ಯದ ಸೊಪ್ಪಿನ ಸಮೇತ ಅವರನ್ನು ಆಟೋದಲ್ಲಿ ಕೂರಿಸಿ ಪೊಲೀಸ್ ಠಾಣೆಗೆ ಒಯ್ದರು.

ಸರಿಯಾಗಿ ಅದೇ ಹೊತ್ತಿಗೆ ದಾವಣಗೆರೆಯ ಲ್ಯಾಬಿನಲ್ಲಿ ಸಮಿತಿ ಕೂತಿತ್ತು. ಅಧ್ಯಕ್ಷ ಮಾಲತೇಶಪ್ಪನವರು ನಿವೃತ್ತ ಪ್ರಾಧ್ಯಾಪಕರು. ಕಂಪ್ಯೂಟರಿನ ಮುಂದೆ ಕೂತಾಗ ಕನ್ನಡಕ ತೆಗೆದು ಒರೆಸುವ ಅಭ್ಯಾಸವಿತ್ತು, ಮತ್ತೆ ಹಾಕಿಕೊಳ್ಳುವ ಅಭ್ಯಾಸವಿರಲಿಲ್ಲ. ಮೇಷ್ಟರು ಸಾಲು ಟೈಪ್ ಮಾಡಿದರು. ಗೋಡೆಯ ದೊಡ್ಡ ಪರದೆ ಕೆಂಪಾಯಿತು.

"ಕೆಂಪಕ್ಷರ ಯಾಕ ಬಂದೈತ್ರಿ?" ಎಂದರು ಅಧ್ಯಕ್ಷರು.

"ಮುಖ್ಯವಾದದ್ದನ್ನ ಅದು ಕೆಂಪಿನಾಗೆ ತೋರಿಸ್ತೈತೆ ಸರ್."

"ಎಲ್ಲಾ ಕೆಂಪಗೇ ಐತಲ್ಲ?"

"ಎಲ್ಲಾ ಮುಖ್ಯ ಸರ್."

ಅಧ್ಯಕ್ಷರು ತಲೆದೂಗಿದರು. ಪ್ರಾಂಶುಪಾಲೆ ಮೇಡಂ ಉಸಿರು ಬಿಟ್ಟರು. ಆಗ ಮೇಷ್ಟರ ಫೋನು ಬಡಿದುಕೊಂಡಿತು. ಅಂಜನಕುಮಾರ ದಾರಿ ಕಂಡುಹಿಡಿದಿರಬೇಕೆಂದು ನಂಬರನ್ನೂ ನೋಡದೆ ಎತ್ತಿದರು. ಆ ಕಡೆಯ ಧ್ವನಿಗೆ ಸ್ಪೀಕರಿನ ಅಗತ್ಯ ಇರಲಿಲ್ಲ. ಇಡೀ ಲ್ಯಾಬಿಗೆ ಕೇಳಿತು.

"ಪೇರೆಂಟ್ ಮಿಸ್ಸಿಂಗ್ ಅಂತ ಹಾಕಿದ್ರಲ್ಲ, ನೀವೇ ಏನ್ರಿ? ಸಿಕ್ಕೈತೆ."

"ಸಿಕ್ತಾ!" ಮೇಷ್ಟರು ಕುರ್ಚಿಯಿಂದ ಎದ್ದೇಬಿಟ್ಟರು. "ಎಲ್ಲಿತ್ತು?"

"ಹರಿಹರ ಬಸ್ ಸ್ಟ್ಯಾಂಡ್ ಹತ್ರ, ಟೀ ಅಂಗಡ್ಯಾಗೆ."

"ಅಲ್ಲಿಗೆ ಹೆಂಗೆ ಹೋತು? ನಾನು ಡೆಸ್ಕ್‌ಟಾಪ್ ಮೇಲೆ ಇಟ್ಟಿದ್ದೆ!"

"ಎಲ್ಲಿಟ್ಟಿದ್ರಿ?"

"ಅದಿರ್ಲಿ, ವರ್ಷನ್ ಎಷ್ಟು ತೋರಿಸ್ತೈತೆ?"

"ವರ್ಷನಾ? ಎಪ್ಪತ್ಮೂರು ಅಂತ ಹೇಳ್ತಿದಾರೆ."

"ಎಪ್ಪತ್ಮೂರಲ್ಲ ಮಾರಾಯ, ನಂದು ಒಂದು! ಅದು ಬೇರೆ ಯಾರ್ದೋ ಪೇರೆಂಟು. ಡಿಲೀಟ್ ಮಾಡು!"

ಆ ಕಡೆಯ ಧ್ವನಿ ಗಡುಸಾಯಿತು. "ಏನ್ರಿ, ಪೊಲೀಸ್ ಸ್ಟೇಷನ್ನಿಂದ ಮಾತಾಡ್ತಿರೋದು. ಇವ್ರ ಹೆಸ್ರು ಉಚ್ಚಂಗೆಪ್ಪ. ಮಗ ಹಾಲಸ್ವಾಮಿ ಅಂತ ಹೇಳ್ತಾರೆ. ಹೇಳೋವಾಗ ಹಿಂದೆ ಮುಂದೆ ಇನ್ನೂ ಏನೇನೋ ಸೇರಿಸ್ತಾರೆ, ಅದನ್ನ ನಾನು ಫೋನಿನಾಗೆ ಹೇಳಕ್ಕಾಗಲ್ಲ. ಬಂದು ಕರ್ಕೊಂಡು ಹೋಗ್ತೀರೋ ಇಲ್ಲೋ?"

ಮೇಷ್ಟರಿಗೆ ಬುಧವಾರದ ಟೀ ನೆನಪಾಯಿತು. ಗುರುವಾರದ ಟೀ ನೆನಪಾಯಿತು. ವ್ರತ ಹಿಡಿದ ಮನುಷ್ಯ ಮನೆಯಲ್ಲಿ ಒಮ್ಮೆಯಾದರೂ ಕೆಮ್ಮಬೇಕಿತ್ತಲ್ಲ ಎಂಬುದು ಈಗ ಹೊಳೆಯಿತು. "ಅಪ್ಪ…" ಎಂದವರೇ ಲ್ಯಾಪ್‌ಟಾಪನ್ನು ತಂತಿಗಳ ಸಮೇತ ಕಿತ್ತು ಬ್ಯಾಗಿಗೆ ತುರುಕಿಕೊಂಡು ಓಡಿದರು. ಗೋಡೆಯ ಪರದೆ ಕಪ್ಪಾಯಿತು.

ಅಧ್ಯಕ್ಷ ಮಾಲತೇಶಪ್ಪನವರ ಕಣ್ಣು ತುಂಬಿತ್ತು. "ತಂದೆ ಕಾಣೆಯಾಗಿದ್ರೂ ಲ್ಯಾಬಿಗೆ ಬಂದಾರಲ್ರೀ ಮೇಡಂ!"

ಹರಿಹರದ ಬಸ್ಸು ಒಂದು ಯುಗ ತೆಗೆದುಕೊಂಡಿತು. ಮೇಷ್ಟರು ಠಾಣೆ ತಲುಪಿದಾಗ, ಗುಂಪಿನಲ್ಲಿ ಸುದ್ದಿ ನೋಡಿ ರೇಖಾ ಆಗಲೇ ಬಂದಿದ್ದಳು, ಜೊತೆಗೆ ಹಂಪವ್ವ. ಉಚ್ಚಂಗೆಪ್ಪ ಬೆಂಚಿನ ಮೇಲೆ ಮೆಂತ್ಯದ ಸೊಪ್ಪನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಮುಖ ಸೊಪ್ಪಿಗಿಂತ ಹೆಚ್ಚು ಬಾಡಿತ್ತು.

"ರೀ," ಎಂದಳು ರೇಖಾ, "ನಿಮ್ಮಪ್ಪ ಮನ್ಯಾಗಿಲ್ಲ ಅನ್ನೋದು ನಿಮಗೆ ಯಾವಾಗ ಗೊತ್ತಾತು?"

"ಈಗ… ಲ್ಯಾಬಿನಾಗೆ."

"ಮತ್ತೆ ನಾಲ್ಕು ದಿನದಿಂದ ಹುಡುಕಿದ್ದು ಯಾರನ್ನ?"

ಮೇಷ್ಟರು ಹೇಳಲು ಹೋದರು. ಪೇರೆಂಟ್ ಎಂಬ ಕಡತ, ಮಗು ಎಂಬ ಕಡತ ಎಂದು ಠಾಣೆಯ ನಡುಮಧ್ಯೆ ನಿಂತು ವಿವರಿಸುತ್ತ ಹೋದಂತೆ, ಮರೆವಿನ ಕಾಯಿಲೆ ತಂದೆಗೋ ಮಗನಿಗೋ ಎಂದು ಸಬ್ ಇನ್‌ಸ್ಪೆಕ್ಟರಿಗೆ ಅನುಮಾನ ಬಂತು. ಅವರು ಹಿರಿಯರ ಕಡೆ ತಿರುಗಿದರು.

"ಅಜ್ಜಾರೆ, ಇವ್ರು ನಿಮ್ಮ ಮಗನೇನ್ರಿ? ಗುರ್ತು ಸಿಗ್ತೈತಾ?"

ಉಚ್ಚಂಗೆಪ್ಪ ಮಗನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ನೆತ್ತಿ ನೋಡಿದ್ರೆ ಅವನೇ ಅನಿಸ್ತೈತೆ ಸಾಹೇಬ್ರೆ. ಮುಖ ನೋಡಿ ಬಾಳ ದಿನ ಆತು."

"ಯಾರಿಗೂ ಹೇಳ್ದೆ ಹಿಂಗೆ ಬರಬಾರ್ದು ಅಜ್ಜಾರೆ."

"ಹೇಳೇ ಬಂದೀನಿ! ಬುಧವಾರ ಇವನ ಎದುರಿಗೆ ನಿಂತು, 'ಹರಿಹರಕ್ಕೆ ಲಾಲ್ ಸಾಬನ ಮನಿಗೆ ಹೋಗ್ತೀನಿ, ಭಾನುವಾರ ಬರ್ತೀನಿ' ಅಂದೆ. 'ಹೂಂ' ಅಂದ. 'ಮೊಬೈಲು ಚಾರ್ಜಿಲ್ಲ, ಬಿಟ್ಟು ಹೋಗ್ತೀನಿ' ಅಂದೆ. 'ಹೂಂ' ಅಂದ. ಅನುಮಾನ ಬಂತು. 'ಮನಿಗೆ ಬೆಂಕಿ ಬಿದ್ದೈತೆ' ಅಂದೆ. ಅದಕ್ಕೂ 'ಹೂಂ, ಆಮೇಲೆ ನೋಡೋಣ' ಅಂದ."

ಠಾಣೆಯಲ್ಲಿದ್ದ ಕಾನ್‌ಸ್ಟೆಬಲ್ ಬಾಯಿಗೆ ಕೈ ಅಡ್ಡ ಹಿಡಿದು ಗೋಡೆಯ ಕಡೆ ತಿರುಗಿದ. ರೇಖಾ ತಿರುಗಲಿಲ್ಲ, ಗಂಡನನ್ನೇ ನೋಡುತ್ತಿದ್ದಳು. ಮೇಷ್ಟರು ಬಗ್ಗಿ ತಂದೆಯ ಕೈಯಿಂದ ಸೊಪ್ಪಿನ ಕಟ್ಟು ತೆಗೆದುಕೊಂಡರು. "ತಪ್ಪಾತು ಅಪ್ಪ. ಮನಿಗೆ ಹೋಗಾಣ ನಡಿ."

"ನಾನು ಭಾನುವಾರ ಬರ್ತೀನಿ ಅಂದೀನಿ. ಇವತ್ತು ಶುಕ್ರವಾರ."

"ಸಿಕ್ಕಿರೋರು ಮನೆಯೋರ ಜೊತೆ ಹೋದ್ರು ಅಂತ ಬರೀಬೇಕು ಅಜ್ಜಾರೆ," ಎಂದರು ಸಬ್ ಇನ್‌ಸ್ಪೆಕ್ಟರ್.

"ಹಂಗಾದ್ರೆ ಮನೆಯೋರೇ ನನ್ನ ಜೊತೆ ಬರ್ಲಿ," ಎಂದು ಉಚ್ಚಂಗೆಪ್ಪ ಎದ್ದರು. "ಸೊಪ್ಪು ಕಾಯ್ತಾ ಅಲ್ಲಿ ಖತೀಜಾ ಒಲೆ ಹಚ್ಚಿರ್ತಾಳೆ."

ಕಾನೂನಿಗೆ ಅದರಲ್ಲಿ ತೊಡಕು ಕಾಣಲಿಲ್ಲ. ಎಲ್ಲರೂ ಒಂದೇ ಆಟೋದಲ್ಲಿ ಲಾಲ್ ಸಾಬರ ಮನೆಗೆ ಹೋದರು. ಹಂಪವ್ವನನ್ನು ಯಾರೂ ಕರೆಯಲಿಲ್ಲ, ಆದರೆ ಅಷ್ಟು ದೂರ ಬಂದು ಕೊನೆ ನೋಡದೆ ಹೋಗುವುದು ಅವಳ ಧರ್ಮವಾಗಿರಲಿಲ್ಲ.

ಖತೀಜಾಬೀ ಎಲ್ಲರಿಗೂ ಚಾಪೆ ಹಾಸಿದರು. "ಬರ್ರಿ, ಕೂಡ್ರಿ. ಸೊಪ್ಪು ತರಕ್ಕೆ ಹೋದೋರು ಪೊಲೀಸ್ ಠಾಣೆ ನೋಡ್ಕೊಂಡು ಬರ್ತಾರೆ ಅಂತ ಯಾರಿಗೆ ಗೊತ್ತಿತ್ತು!"

ಮೇಷ್ಟರು ಕೂರುವಷ್ಟರಲ್ಲಿ ಪ್ರಾಂಶುಪಾಲೆಯ ಫೋನ್ ಬಂತು. ಈ ಸಲ ಅವರು ಹೇಳುವುದನ್ನೆಲ್ಲ ಹೇಳಿಬಿಡಬೇಕೆಂದು ಗಟ್ಟಿ ಮಾಡಿಕೊಂಡರು.

"ಮೇಡಂ, ನಿಜ ಹೇಳ್ತೀನಿ. ನಂಗೆ ಆ ಟೂಲ್ ಬರಲ್ಲ. ಕೆಂಪಕ್ಷರ ಬಂದ್ರೆ ಅದು ಕೆಟ್ಟೈತೆ ಅಂತ ಅರ್ಥ."

"ಮೆಲ್ಲಗೆ ಮಾತಾಡ್ರಿ," ಎಂದರು ಮೇಡಂ. "ಅದು ನಂಗೂ ಗೊತ್ತಿಲ್ಲ, ಅಧ್ಯಕ್ಷರಿಗೂ ಗೊತ್ತಿಲ್ಲ. ಅವ್ರು ಲ್ಯಾಬಿಗೆ ಪೂರ್ತಿ ಅಂಕ ಬರ್ದು, ನಿಮ್ಮನ್ನ ಈ ವಿಷಯದಾಗೆ ಪರಿಣತರು ಅಂತ ವರದಿ ಮಾಡಿ ಹೋಗಿದಾರೆ. ಮುಂದಿನ ತಿಂಗಳು ಇಪ್ಪತ್ತು ಕಾಲೇಜಿನ ಮೇಷ್ಟ್ರುಗಳಿಗೆ ನೀವೇ ತರಬೇತಿ ಕೊಡ್ಬೇಕಂತೆ. ಅಷ್ಟ್ರೊಳಗೆ ಕಲ್ತುಬಿಡ್ರಿ." ಫೋನಿಟ್ಟುಬಿಟ್ಟರು.

ಮೇಷ್ಟರ ಮುಖ ನೋಡಿ ಮಂಚದ ಮೇಲಿದ್ದ ಲಾಲ್ ಸಾಬರಿಗೇ ಕನಿಕರ ಬಂತು. "ಅದೇನು ಅಷ್ಟು ಕಷ್ಟದ್ದು? ತೋರ್ಸು ಇಲ್ಲಿ, ಬೇಟಾ. ನಿಮ್ಮಪ್ಪನ ಮರೆಸಿದ್ದು ಯಾವುದು ಅಂತ ನಾನೂ ನೋಡ್ತೀನಿ."

ಹದಿನೆಂಟು ವರ್ಷದಲ್ಲಿ ಮೊದಲ ಸಲ ಮೇಷ್ಟರು ಒಂದು ವಿಷಯವನ್ನು ಹಳೆಯದು ಎನ್ನದೆ ಬಿಡಿಸಿ ಹೇಳಿದರು. ಇದು ಅಪ್ಪನ ಕಡತ, ಇಲ್ಲಿ ಅವನ ಹೆಸರು, ಇದು ಅವನ ವರ್ಷನ್ ನಂಬರು. ಇದು ಮಗನ ಕಡತ, ಇಲ್ಲೂ ಅದೇ ಹೆಸರು, ಅದೇ ನಂಬರು ಬರೆಯಬೇಕು. ಆಗ ಮಗನಿಗೆ ಅಪ್ಪ ಸಿಗುತ್ತಾನೆ. ಲಾಲ್ ಸಾಬ್ ಮಿಲ್ಲಿನಲ್ಲಿ ಮೂವತ್ತೊಂದು ವರ್ಷ ನೂಲಿನ ನಂಬರಿನ ಚೀಟಿ ನೋಡಿದವರು. ಕನ್ನಡಕ ಏರಿಸಿ, ಪರದೆಯ ಹತ್ತಿರ ಬಾಗಿ, ಎರಡನ್ನೂ ಬಹಳ ಹೊತ್ತು ನೋಡಿದರು.

"ಅಪ್ಪಂದ್ರಾಗಿರೋ ಸೊನ್ನೆ ಸಣ್ಣಗೈತೆ. ಮಗಂದ್ರಾಗಿರೋ ಸೊನ್ನೆ ಗುಂಡಗೈತೆ. ಒಂದೇ ಮಾಲು ಅಲ್ಲ ಇದು."

ಮೇಷ್ಟರು ನೋಡಿದರು. ಒಂದು ಚುಕ್ಕೆ ಸೊನ್ನೆ ಎಂದು ಬರೆಯಬೇಕಾದ ಕಡೆ, ಮಗನ ಕಡತದಲ್ಲಿ ಸೊನ್ನೆಯ ಬದಲು ಇಂಗ್ಲಿಷಿನ ಓ ಅಕ್ಷರ ಕೂತಿತ್ತು. ನಾಲ್ಕು ದಿನದಿಂದ ಕೂತಿತ್ತು. ಅವರು ಅಕ್ಷರ ಅಳಿಸಿ ಸೊನ್ನೆ ಒತ್ತಿದರು, ಸಾಲು ಟೈಪ್ ಮಾಡಿದರು. ಅಕ್ಷರಗಳು ಸರಸರ ಓಡಿ, ಕೊನೆಗೆ ಹಸಿರಿನಲ್ಲಿ ನಿಂತವು. ಬಿಲ್ಡ್ ಯಶಸ್ವಿ.

"ಆತು!" ಎಂದು ಮೇಷ್ಟರು ಕೂಗಿದ ರಭಸಕ್ಕೆ ಖತೀಜಾಬೀ ಸೌಟು ಹಿಡಿದೇ ಹೊರಗೆ ಬಂದರು. ಹಂಪವ್ವ ಮುಂದೆ ಸರಿದು ಕೂತಳು. ನಾಲ್ಕು ದಿನದ ತಪಸ್ಸು, ಒಂದು ಪೊಲೀಸ್ ಠಾಣೆ, ಒಂದು ಸಮಿತಿ, ಇಷ್ಟೆಲ್ಲ ಆದಮೇಲೆ ಈ ಯಂತ್ರ ಏನು ಕಟ್ಟಿ ಕೊಡುತ್ತದೆ ಎಂದು ಎಲ್ಲರೂ ಪರದೆಯ ಸುತ್ತ ನೆರೆದರು. ಮೇಷ್ಟರು ಗಂಭೀರವಾಗಿ ಕೊನೆಯ ಗುಂಡಿ ಒತ್ತಿದರು.

ಕಪ್ಪು ಪರದೆಯ ಮೇಲೆ ಎರಡೇ ಪದ ಬಂದವು.

"ಏನಂತ ಬಂತವ್ವ?" ಎಂದು ಇಂಗ್ಲಿಷ್ ಬಾರದ ಉಚ್ಚಂಗೆಪ್ಪ ಸೊಸೆಯನ್ನು ಕೇಳಿದರು.

"ಹಲೋ ವರ್ಲ್ಡ್ ಅಂತ, ಮಾವ."

"ಅಂದ್ರೆ?"

"ಇಡೀ ಪ್ರಪಂಚಕ್ಕೆ ನಮಸ್ಕಾರ ಅಂತ."

"ಇನ್ನೇನೈತೆ?"

"ಇನ್ನೇನಿಲ್ಲ. ಅಷ್ಟೇ."

ಉಚ್ಚಂಗೆಪ್ಪ ಪರದೆಯನ್ನು ನೋಡಿದರು, ಮಗನನ್ನು ನೋಡಿದರು. ಖತೀಜಾಬೀ ತಟ್ಟೆ ಹಾಕುವ ಸದ್ದು ಒಳಗಿನಿಂದ ಬರುತ್ತಿತ್ತು.

"ಪ್ರಪಂಚ ಬಾಳ ದೊಡ್ಡದೈತಲೇ ಸ್ವಾಮಿ," ಎಂದರು ಮೆತ್ತಗೆ. "ಮನ್ಯಾಗೆ ಮೂರೇ ಜನ ಇರೋದು. ಅಲ್ಲಿಂದ ಶುರು ಮಾಡು."